ಕಿರುತೆರೆಯಲ್ಲಿ ಖಗೋಳ: ಗ್ರಹಣ ಕಲಿಸಿದ ಪಾಠ

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಿಂದ ಬೆಂಗಳೂರಿನ ನೆಹರೂ ತಾರಾಲಯವಾಗಲಿ, ಮಂಗಳೂರಿನ ಪಿಲಿಕುಳದ ತಾರಾಲಯವಾಗಲಿ ನೂರಾರು ಕಿ.ಮೀ. ದೂರ. ಇಂತಹ ಊರುಗಳಿಗೆ ಖಗೋಳ ವಿಜ್ಞಾನವನ್ನು ಸುಲಭವಾಗಿ ತಲುಪಿಸಬಲ್ಲ ಸಾಧನವೆಂದರೆ ಟೀವಿ. ಆದರೆ ಗ್ರಹಣದ ದಿನ ಅದು ಜನರನ್ನು ಅಂಗಳಕ್ಕೆ ಕರೆಯುತ್ತದೆಯೋ, ಬಾಗಿಲು ಹಾಕಿಸುತ್ತದೆಯೋ ಎಂಬುದೇ ಪ್ರಶ್ನೆ.

ಉಪಗ್ರಹದಿಂದ ಹಳ್ಳಿಗೆ

ಕರ್ನಾಟಕದ ಹಳ್ಳಿಗಳಿಗೆ ಟೀವಿ ಬಂದದ್ದೇ ವಿಜ್ಞಾನದ ಪ್ರಯೋಗವಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಯೋಜನೆಯಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ರಾಜ್ಯದಿಂದ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯದ ವಿಷಯಗಳಿದ್ದವು. ಯೋಜನೆಯ ಹೊಣೆ ಹೊತ್ತ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದವರು ಭೌತವಿಜ್ಞಾನಿ ಪ್ರೊ. ಯಶಪಾಲ್.

ಎರಡು ಗ್ರಹಣ, ಎರಡು ನೀತಿ

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕವನ್ನು ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಸಮೀಪದ ಹೊಸೂರು ಹಾಗೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಅದೇ ಮಧ್ಯಾಹ್ನ ಜನರು ಬರಿಗಣ್ಣಿನಿಂದ ಸೂರ್ಯನನ್ನು ನೋಡದಿರಲೆಂದು ದೂರದರ್ಶನವು 'ಚುಪ್ಕೆ ಚುಪ್ಕೆ' ಹಿಂದಿ ಚಲನಚಿತ್ರವನ್ನು ಪ್ರಸಾರ ಮಾಡಿತು. ಕಣ್ಣಿನ ರಕ್ಷಣೆಯ ಕಾಳಜಿ ಸರಿಯೇ. ಆದರೆ ಸುರಕ್ಷಿತವಾಗಿ ನೋಡುವ ಬಗೆಯನ್ನು ತೋರಿಸಬಹುದಾಗಿದ್ದ ಅವಕಾಶ ಕೈತಪ್ಪಿತು.

1995ರ ಅಕ್ಟೋಬರ್ 24ರಂದು ಉತ್ತರ ಭಾರತದಲ್ಲಿ ಮತ್ತೆ ಪೂರ್ಣ ಗ್ರಹಣ ಸಂಭವಿಸಿದಾಗ ದೂರದರ್ಶನ ನೇರ ಪ್ರಸಾರವನ್ನೇ ಏರ್ಪಡಿಸಿತು. ವೀಕ್ಷಕ ವಿವರಣೆ ನೀಡಿದವರು ಅದೇ ಯಶಪಾಲ್. ಭಯದ ದಿನ ಉತ್ಸವದ ದಿನವಾಯಿತು.

ಸೆಳೆಯುವ ಬಗೆ

ಯಶಪಾಲರ ಯಶಸ್ಸಿಗೆ ಪಾಂಡಿತ್ಯವೊಂದೇ ಕಾರಣವಲ್ಲ. 1990ರ ದಶಕದ 'ಟರ್ನಿಂಗ್ ಪಾಯಿಂಟ್' ವಿಜ್ಞಾನ ಕಾರ್ಯಕ್ರಮದಲ್ಲಿ ಅವರು ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ನಿರೂಪಕರಾಗಿ ಗಿರೀಶ್ ಕಾರ್ನಾಡ್ ಸಹ ಅಲ್ಲಿ ಕಾಣಿಸಿಕೊಂಡರು. ಪಾಠಕ್ಕಿಂತ ಮೊದಲು ಪ್ರಶ್ನೆ ಎಂಬುದೇ ಅದರ ಸೂತ್ರ. 1980ರಲ್ಲಿ ಕಾರ್ಲ್ ಸಾಗನ್ ಅವರ 13 ಕಂತುಗಳ 'ಕಾಸ್ಮಾಸ್' ಮತ್ತೊಂದು ದಾರಿ ತೋರಿತ್ತು. ವಿಶ್ವದ ಸಮಗ್ರ ಇತಿಹಾಸವನ್ನು ಒಂದು ವರ್ಷದ ಕ್ಯಾಲೆಂಡರಿಗೆ ಇಳಿಸಿ, ಮನುಷ್ಯನ ಲಿಖಿತ ಚರಿತ್ರೆ ಡಿಸೆಂಬರ್ 31ರ ಕೊನೆಯ ಕ್ಷಣಗಳಷ್ಟೇ ಎಂದಾಗ ಎಣಿಕೆಗೆ ಸಿಗದ ಕಾಲ ಮನಸ್ಸಿಗೆ ಎಟುಕಿತು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ತೆರೆಯ ಮೇಲಿದ್ದುದು ಮುಖ್ಯವಾಗಿ ಎತ್ತರ, ವೇಗಗಳ ಅಂಕಿಗಳು ಮತ್ತು ರೇಖಾಚಿತ್ರ. ಆದರೂ ದೇಶ ಉಸಿರು ಬಿಗಿಹಿಡಿದು ನೋಡಿತು. 2019ರ ವೈಫಲ್ಯವನ್ನು ಕಂಡಿದ್ದವರಿಗೆ ಆ ಅಂಕಿಗಳ ಅರ್ಥ ತಿಳಿದಿತ್ತು. ಫಲಿತಾಂಶ ಅನಿಶ್ಚಿತವಾಗಿರುವಾಗ ವಿಜ್ಞಾನಕ್ಕೆ ಅಲಂಕಾರ ಬೇಕಾಗದು.

ಉಳಿದಿರುವ ಕೆಲಸ

2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟಗಳಲ್ಲಿ ಜನರು ಕಂಕಣ ಗ್ರಹಣವನ್ನು ಕಂಡು ಸಂಭ್ರಮಿಸಿದರೆ, ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ವಾಸಿಯಾಗುವ ನಂಬಿಕೆಯಿಂದ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣದ ದಿನ ರಾಶಿಫಲಕ್ಕೆ ಗಂಟೆಗಟ್ಟಲೆ ಸಮಯ ನೀಡುವ ವಾಹಿನಿಗಳು ಈ ಘಟನೆಯನ್ನು ಮರೆಯುವಂತಿಲ್ಲ.

ಪರ್ಯಾಯಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ಭಾಗಶಃ ಸೂರ್ಯಗ್ರಹಣದ ವೇಳೆ ಬೇವಿನ ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕೆಗಳು ಕುಡುಗೋಲಿನ ಆಕಾರ ತಾಳುತ್ತವೆ. ಸೂರ್ಯನತ್ತ ತಲೆ ಎತ್ತದೆಯೇ ಗ್ರಹಣವನ್ನು ಕಾಣಬಹುದು. ಗ್ರಹಣವಿಲ್ಲದ ವರ್ಷವೂ ಹಿರೇಹಡಗಲಿಯ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಮತ್ತೊಮ್ಮೆ, ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯದ ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು ಬುಡದಲ್ಲೇ ಅಡಗುತ್ತದೆ. ಒಂದು ಕ್ಯಾಮೆರಾ, ಒಂದು ಕೋಲು, ಊರಿನ ಮಕ್ಕಳು ಇದ್ದರೆ ಕಾರ್ಯಕ್ರಮ ಸಿದ್ಧ. ಅದನ್ನು ನೋಡಿದ ಮಗು ಟೀವಿ ಆರಿಸಿ ಕೋಲು ಹುಡುಕಲು ಹೊರಟರೆ, ಆ ಪ್ರಸಾರ ಸಾರ್ಥಕ.