ಕೂಲಿ ಯಾರದು, ಕಾಳಗ ಯಾರದು?

ಅಮೆರಿಕದ ಸ್ವಾತಂತ್ರ್ಯ ಸಮರದ ಕಥನಗಳಲ್ಲಿ ‘ಹೆಸ್ಸಿಯನ್’ ಎಂಬುದು ಬಹುಕಾಲ ಬೈಗುಳವಾಗಿಯೇ ಉಳಿದ ಮಾತು. ದುಡ್ಡಿಗಾಗಿ ಅನ್ಯರ ನೆತ್ತರು ಹರಿಸಿದವನು ಎಂಬುದು ಅದರ ಧ್ವನಿ. 1776ರ ಸ್ವಾತಂತ್ರ್ಯ ಘೋಷಣೆಯು ಬ್ರಿಟನ್ನಿನ ದೊರೆಯ ಮೇಲೆ ಹೊರಿಸಿದ ಆಪಾದನೆಗಳಲ್ಲಿ, ಪರದೇಶದ ಬಾಡಿಗೆ ಪಡೆಗಳನ್ನು ತರಿಸುತ್ತಿದ್ದಾನೆ ಎಂಬುದೂ ಒಂದು. ಕನ್ನಡದಲ್ಲಿ ನಾವು ಇಂಥವರನ್ನು ‘ಕೂಲಿ ಸೈನಿಕರು’ ಎಂದು ಕರೆದು ಮುಂದೆ ಸಾಗುತ್ತೇವೆ. ಆದರೆ ಕೂಲಿ ಎಂದ ಮೇಲೆ ದುಡಿದವರು ಯಾರು, ಹಣ ಎಣಿಸಿಕೊಂಡವರು ಯಾರು ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೆ?

1775ರಲ್ಲಿ ಅಮೆರಿಕದ ವಸಾಹತುಗಳು ದಂಗೆಯೆದ್ದಾಗ ಬ್ರಿಟನ್ನಿನ ಬಳಿ ನೌಕಾಬಲವಿತ್ತು, ಹಣವಿತ್ತು, ಸಾಕಷ್ಟು ಭೂಸೈನ್ಯವಿರಲಿಲ್ಲ. ಮೂರನೆಯ ಜಾರ್ಜ್ ಮೊದಲು ರಷ್ಯದ ಸಾಮ್ರಾಜ್ಞಿ ಕ್ಯಾಥರೀನಳನ್ನು ಸೈನ್ಯ ಕೇಳಿದ, ಅವಳು ಒಪ್ಪಲಿಲ್ಲ. ಆಗ ಅವನ ದೃಷ್ಟಿ ಜರ್ಮನ್ ನಾಡಿನತ್ತ ತಿರುಗಿತು. ಜರ್ಮನಿ ಎಂಬ ಒಂದು ದೇಶ ಆಗಿನ್ನೂ ಇರಲಿಲ್ಲ. ನೂರಾರು ಸಣ್ಣಪುಟ್ಟ ಸಂಸ್ಥಾನಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಸೈನ್ಯವೇ ಮುಖ್ಯ ಆದಾಯ. 1776ರ ಜನವರಿಯಲ್ಲಿ ಬ್ರನ್ಸ್‌ವಿಕ್ ಮತ್ತು ಹೆಸ್ಸೆ-ಕಾಸೆಲ್ ಸಂಸ್ಥಾನಗಳೊಡನೆ ಒಪ್ಪಂದಗಳಾದವು. ಹೆಸ್ಸೆ-ಹನಾವು, ವಾಲ್ಡೆಕ್, ಆನ್ಸ್‌ಬಾಖ್-ಬೈರಾಯ್ಟ್, ಆನ್ಹಾಲ್ಟ್-ಝರ್ಬ್‌ಸ್ಟ್ ಮುಂದಿನ ದಿನಗಳಲ್ಲಿ ಸೇರಿಕೊಂಡವು. ಹೆಸ್ಸೆ-ಕಾಸೆಲ್‌ನವರೇ ಅರ್ಧಕ್ಕಿಂತ ಹೆಚ್ಚಿದ್ದುದರಿಂದ ಎಲ್ಲರಿಗೂ ‘ಹೆಸ್ಸಿಯನ್’ ಎಂಬ ಹೆಸರೇ ಅಂಟಿತು.

ಈ ಒಪ್ಪಂದಗಳ ಭಾಷೆ ಮಂಡಿ ವ್ಯಾಪಾರದ ಭಾಷೆ. ಒಬ್ಬೊಬ್ಬ ಪದಾತಿಗೆ 30 ಕ್ರೌನ್‌ಗಳಂತೆ ದೊರೆಗೆ ಸಂದಾಯ. ಅದಲ್ಲದೆ ವಾರ್ಷಿಕ ಪೊಗದಿ, ಹೆಸ್ಸೆ-ಕಾಸೆಲ್‌ಗೆ 4,50,000 ಕ್ರೌನ್. ಬ್ರನ್ಸ್‌ವಿಕ್‌ನ ಒಪ್ಪಂದದಲ್ಲಿ ಇನ್ನೂ ಒಂದು ಷರತ್ತಿತ್ತು: ಸತ್ತವನಿಗಾಗಿ ಮೊದಲಿನ ದರದಲ್ಲೇ ಮತ್ತೊಮ್ಮೆ ಹಣ ಸಲ್ಲಬೇಕು, ಮೂವರು ಗಾಯಾಳುಗಳನ್ನು ಸತ್ತ ಒಬ್ಬನಿಗೆ ಸಮವೆಂದು ಎಣಿಸತಕ್ಕದ್ದು. ಆ ಹಣವೂ ಸತ್ತವನ ತಾಯಿಗಲ್ಲ, ದೊರೆಗೆ. ಒಂದು ಕೈ, ಒಂದು ಕಾಲು, ಒಂದು ಕಣ್ಣು ಕೂಡಿಸಿದರೆ ಒಂದು ಹೆಣ ಎಂಬ ಲೆಕ್ಕವನ್ನು ಯಾವುದೋ ಕಚೇರಿಯ ಗುಮಾಸ್ತ ಅಂದವಾದ ಅಕ್ಷರಗಳಲ್ಲಿ ಬರೆದಿದ್ದಾನು.

ಸೈನಿಕನಿಗೆ ಏನೂ ದಕ್ಕಲಿಲ್ಲವೆಂದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಬ್ರಿಟಿಷ್ ಸಿಪಾಯಿಗೆ ಸಮನಾದ ಸಂಬಳವೇ ಒಪ್ಪಂದದಲ್ಲಿತ್ತು. ಊರಿನ ದುಡಿಮೆಗಿಂತ ಅದು ಮೇಲೆಂದು ಮನಸಾರೆ ಹೊರಟವರೂ ಇದ್ದರು. ಹೆಸ್ಸೆ-ಕಾಸೆಲ್‌ನ ಎರಡನೆಯ ಫ್ರೀಡ್ರಿಖ್ ಬರಿಯ ವಿಲಾಸಿಯೂ ಅಲ್ಲ. ಅವನ ಕಾಲದಲ್ಲಿ ಪ್ರಜೆಗಳ ತೆರಿಗೆಯ ಹೊರೆ ಒಂದಿಷ್ಟು ಇಳಿಯಿತು. 1779ರಲ್ಲಿ ಕಾಸೆಲ್ ನಗರದಲ್ಲಿ ಅವನು ತೆರೆದ ಫ್ರೀಡೆರಿಸಿಯಾನಮ್, ಯೂರೋಪಿನ ನಡುನಾಡಿನಲ್ಲಿ ಸಾರ್ವಜನಿಕರಿಗಾಗಿಯೇ ಕಟ್ಟಿದ ಮೊದಮೊದಲ ವಸ್ತುಸಂಗ್ರಹಾಲಯಗಳಲ್ಲಿ ಒಂದು. ಆದರೆ ಹಳ್ಳಿಹಳ್ಳಿಯಿಂದ ಕಡ್ಡಾಯವಾಗಿ ಸೈನ್ಯಕ್ಕೆ ಆಳು ಎತ್ತುತ್ತಿದ್ದ ನಾಡಿನಲ್ಲಿ ‘ಒಪ್ಪಿ ಹೋದವನು’ ಎಂಬ ಮಾತಿಗೆ ಎಷ್ಟು ತೂಕ? ಮುಂದೆ ಲೇಖಕನಾಗಿ ಹೆಸರಾದ ಯೋಹಾನ್ ಗಾಟ್‌ಫ್ರೀಡ್ ಸ್ಯೋಯ್ಮೆ ಹೆಸ್ಸೆಯ ಪ್ರಜೆಯೂ ಆಗಿರಲಿಲ್ಲ. ಲೈಪ್‌ಸಿಗ್‌ನಲ್ಲಿ ದೇವತಾಶಾಸ್ತ್ರ ಓದುತ್ತಿದ್ದವನು 1781ರಲ್ಲಿ ಪ್ಯಾರಿಸ್ಸಿಗೆಂದು ಹೊರಟಾಗ ದಾರಿಯಲ್ಲಿ ಹೆಸ್ಸೆಯ ಭರ್ತಿಗಾರರ ಕೈಗೆ ಸಿಕ್ಕಿದ. ಕೊನೆಗೆ ಇಳಿದದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ.

ಈ ಸೈನಿಕರ ದೌರ್ಬಲ್ಯವನ್ನು ಎದುರಾಳಿಗಳು ಬೇಗನೆ ಗ್ರಹಿಸಿದರು. 1776ರ ಆಗಸ್ಟ್‌ನಲ್ಲಿಯೇ ಅಮೆರಿಕದ ಕಾಂಗ್ರೆಸ್, ಪಡೆ ಬಿಟ್ಟು ಬರುವ ಪರದೇಶದ ಸೈನಿಕನಿಗೆ 50 ಎಕರೆ ಭೂಮಿ ಕೊಡುವುದಾಗಿ ಸಾರಿತು. ಡಿಸೆಂಬರ್ 26ರ ಮುಂಜಾನೆ ವಾಷಿಂಗ್ಟನ್ ಟ್ರೆಂಟನ್ ಊರಿನ ಮೇಲೆ ಎರಗಿದಾಗ ಹೆಸ್ಸಿಯನ್ನರ ದಳಪತಿ ಯೋಹಾನ್ ರಾಲ್ ಮಾರಣಾಂತಿಕವಾಗಿ ಗಾಯಗೊಂಡ. ಸುಮಾರು 900 ಮಂದಿ ಸೆರೆಯಾದರು. ಅವರಲ್ಲಿ ಹಲವರನ್ನು ಪೆನ್ಸಿಲ್ವೇನಿಯದ ಜರ್ಮನ್ ಒಕ್ಕಲಿಗರ ನಡುವೆ ಇರಿಸಲಾಯಿತು. ತಮ್ಮದೇ ಮಾತನ್ನಾಡುವ ಜನ ದೊರೆಯಿಲ್ಲದೆ ಸ್ವಂತ ಹೊಲ ಉತ್ತು ಬಾಳುವುದನ್ನು ಅವರು ಕಂಡರು. ಯುದ್ಧದುದ್ದಕ್ಕೂ ಹೋದವರು ಸುಮಾರು 30,000. ಮರಳಿದವರು ಸುಮಾರು 17,000. ಕಾಳಗದಲ್ಲಿ ಮಡಿದವರು 1,200ರಷ್ಟು ಮಾತ್ರ. ರೋಗಕ್ಕೆ ಬಲಿಯಾದವರು ಅದರ ಐದು ಪಟ್ಟು. ಉಳಿದ ಐದು ಸಾವಿರದಷ್ಟು ಮಂದಿ ಪಡೆ ತೊರೆದರು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಎಣಿಕೆ.

ಈ ಯುದ್ಧವನ್ನು ಅಮೆರಿಕದ್ದು ಮಾತ್ರವೆಂದು ಓದುವುದು ನಮಗೆ ರೂಢಿ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತ ಕೂಡಲೆ ಅದರ ಕಿಡಿ ನಮ್ಮ ಕರಾವಳಿಗೂ ಹಾರಿತು. ಫ್ರೆಂಚರ ವಶದಲ್ಲಿದ್ದ ಮಾಹೆಯನ್ನು 1779ರಲ್ಲಿ ಇಂಗ್ಲಿಷರು ಹಿಡಿದರು. ಆ ಬಂದರಿನ ಮೂಲಕ ಯುದ್ಧಸಾಮಗ್ರಿ ತರಿಸುತ್ತಿದ್ದ ಹೈದರಾಲಿ ಕೆರಳಿ, 1780ರಲ್ಲಿ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ. ನಮ್ಮ ಪುಸ್ತಕಗಳ ಎರಡನೆಯ ಮೈಸೂರು ಯುದ್ಧ ಇದೇ. ಇದಕ್ಕೂ ಜರ್ಮನ್ ಸೈನಿಕರು ಬಂದರು. ಮೂರನೆಯ ಜಾರ್ಜ್ ಹ್ಯಾನೋವರ್ ಸಂಸ್ಥಾನಕ್ಕೂ ಒಡೆಯ. ಅಲ್ಲಿ 1781ರಲ್ಲಿ ಕಟ್ಟಿದ 14 ಮತ್ತು 15ನೆಯ ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಮದರಾಸಿಗೆ ಹಡಗು ಹತ್ತಿದವು.

1783ರ ಜೂನ್ 13ರಂದು ಕಡಲೂರಿನಲ್ಲಿ ಘೋರ ಕಾಳಗವಾಯಿತು. ಒಂದು ಕಡೆ ಫ್ರೆಂಚರು, ಅವರ ಜೊತೆಗೆ ಮೈಸೂರಿನ ಪಡೆ. ಇನ್ನೊಂದು ಕಡೆ ಇಂಗ್ಲಿಷರು, ಹ್ಯಾನೋವರಿನವರು, ಕಂಪನಿಯ ದೇಶೀ ಸಿಪಾಯಿಗಳು. ಕಂಪನಿಯ ಕಡೆಯೊಂದರಲ್ಲೇ ಸಾವಿರದಷ್ಟು ಮಂದಿ ಸತ್ತರು, ಇಲ್ಲವೆ ಗಾಯಗೊಂಡರು. ಇಂಗ್ಲೆಂಡು-ಫ್ರಾನ್ಸುಗಳು ಅದೇ ವರ್ಷದ ಜನವರಿ 20ರಂದೇ ಸಂಧಿಯ ಕರಾರಿಗೆ ಸಹಿ ಹಾಕಿದ್ದವು. ಆ ಸುದ್ದಿ ಸಮುದ್ರ ದಾಟಿ ಬರುವ ಹೊತ್ತಿಗೆ ಕಡಲೂರಿನ ಮರಳು ಕೆಂಪಾಗಿತ್ತು. ಮುಗಿದುಹೋದ ಜಗಳಕ್ಕಾಗಿ ಜನ ಸತ್ತಿದ್ದರು.

ಆ ರೆಜಿಮೆಂಟುಗಳಲ್ಲಿ ಕಾರ್ಲ್ ಆಗಸ್ಟ್ ಶ್ಲೆಗೆಲ್ ಎಂಬ ತರುಣ ಅಧಿಕಾರಿಯಿದ್ದ. ಅವನು ಊರಿಗೆ ಮರಳಲಿಲ್ಲ. 1789ರಲ್ಲಿ ಮದರಾಸಿನಲ್ಲಿ ತೀರಿಕೊಂಡ. ಅವನ ತಮ್ಮ ಫ್ರೀಡ್ರಿಖ್ ಶ್ಲೆಗೆಲ್ 1808ರಲ್ಲಿ ಭಾರತೀಯರ ಭಾಷೆ ಮತ್ತು ಜ್ಞಾನವನ್ನು ಕುರಿತು ಗ್ರಂಥ ಬರೆದ. ಇನ್ನೊಬ್ಬ ತಮ್ಮ ಆಗಸ್ಟ್ ವಿಲ್‌ಹೆಲ್ಮ್ ಬಾನ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಪ್ರಾಧ್ಯಾಪಕನಾಗಿ, 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಅಚ್ಚು ಹಾಕಿಸಿದ. ಅಣ್ಣನ ಸಾವೇ ಅವರನ್ನು ಇತ್ತ ತಿರುಗಿಸಿತು ಎನ್ನುವುದು ಅತಿಯಾದೀತು. ಆದರೂ ಜರ್ಮನ್ ಭಾರತವಿದ್ಯೆಯ ಹಿರಿಮೆಯನ್ನು ನಾವು ಕೊಂಡಾಡುವಾಗ, ಒಂದೇ ಮನೆಯ ಅಣ್ಣ ಕೋವಿ ಹೊತ್ತು ಬಂದಿದ್ದ ಎಂಬುದನ್ನೂ ನೆನೆಯಬೇಕು.

ಕಡಲೂರಿನಲ್ಲಿ ಹ್ಯಾನೋವರಿನ ಸೈನಿಕನ ಪಕ್ಕದಲ್ಲೇ ನಿಂತಿದ್ದವನು ಮದರಾಸು ಸೀಮೆಯ ಸಿಪಾಯಿ. ಹೈದರನ ಸೇವೆಯಲ್ಲಿಯೂ ಸಂಬಳ ಪಡೆಯುವ ಫ್ರೆಂಚರಿದ್ದರು. ಉಪ್ಪಿನ ಋಣವೆಂಬ ಮಾತು ಎರಡೂ ಪಾಳೆಯಗಳಲ್ಲಿ ಸಲ್ಲುತ್ತಿತ್ತು. ಹೀಗಿರುವಾಗ ಆ ಜರ್ಮನರನ್ನು ಮಾತ್ರ ಕೂಲಿಯವರೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಸಂಬಳಕ್ಕಾಗಿ ಕೊಂದವನು ಹೊಣೆಯಿಂದ ಪೂರ್ತಿ ಪಾರಾಗುವುದಿಲ್ಲ, ನಿಜ. ಆದರೆ ಪರದೇಶದ ಮಣ್ಣಿನಲ್ಲಿ ಕರಗಿದ ಅವನಿಗೆ ಅಪಕೀರ್ತಿ ಉಳಿಯಿತು. ಅವನ ತಲೆಗೆ ಬೆಲೆ ಕಟ್ಟಿ ಹಣ ಎಣಿಸಿಕೊಂಡವನಿಗೆ ಅರಮನೆ, ಉದ್ಯಾನ, ವಸ್ತುಸಂಗ್ರಹಾಲಯಗಳ ಕೀರ್ತಿ ಉಳಿಯಿತು. ಚರಿತ್ರೆ ಓದುವ ನಾವು ತಿದ್ದಬೇಕಾಗಿರುವುದು ಈ ಲೆಕ್ಕವನ್ನು.