ಅಫೀಮಿನ ಕುಲದ ಭೇದಿ ಗುಳಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕ್ಯಾನ್ಸರ್ ರೋಗಿಗಳು ಕಿಮೋಥೆರಪಿಗೆ ಸಾಮಾನ್ಯವಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಸಲಾಯಿನ್ ಮೂಲಕ ಔಷಧ ಏರಿಸಿಕೊಂಡು ಊರಿನ ಬಸ್ಸು ಹಿಡಿಯುತ್ತಾರೆ. ಆದರೆ ಕೆಲವು ಔಷಧಗಳ ಕಾಟ ಶುರುವಾಗುವುದೇ ಊರು ಸೇರಿದ ಮೇಲೆ. ಐದಾರು ದಿನ ಕಳೆದ ನಂತರ ಭೇದಿ ಹತ್ತಿಕೊಳ್ಳುತ್ತದೆ. ಆಗ ಮನೆಯಲ್ಲಿರುವ ಆಸರೆಯೆಂದರೆ ವೈದ್ಯರು ಬರೆದುಕೊಟ್ಟ ಲೋಪೆರಮೈಡ್ ಎಂಬ ಚಿಕ್ಕ ಗುಳಿಗೆ.

ಇಂಥ ಭೇದಿಗೆ ಹೆಸರಾದ ಔಷಧ ಇರಿನೊಟೆಕಾನ್. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವಂಥದ್ದು. ಇದರ ಮೂಲವಸ್ತು ಕ್ಯಾಂಪ್ಟೊಥೆಸಿನ್. ಚೀನಾದ ಮರವೊಂದರಲ್ಲಿ ಅದು ಇರುವುದನ್ನು 1966ರಲ್ಲಿ ಪ್ರಕಟಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ. ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ 1972ರಲ್ಲಿ ಅದೇ ವಸ್ತುವನ್ನು ನಮ್ಮ ಸಹ್ಯಾದ್ರಿಯ ಮರವೊಂದರಲ್ಲೂ ಕಂಡರು. ಹೂವು ನಾರುವ ಈ ಮರಕ್ಕೆ ಮರಾಠಿಯಲ್ಲಿ ‘ನರಕ್ಯಾ’ ಎಂದು ಹೆಸರು. ಮಲಪ್ರಭೆ ಹುಟ್ಟಿ ಬರುವುದೂ ಅದೇ ಸಹ್ಯಾದ್ರಿಯಲ್ಲಿ. ಇರಿನೊಟೆಕಾನ್ ಜಪಾನಿನಲ್ಲಿ ರೂಪುಗೊಂಡು 1994ರಲ್ಲಿ ಅಲ್ಲಿ, 1996ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಭೇದಿ ಏಕೆ? ದೇಹದೊಳಗೆ ಈ ಔಷಧ ಇನ್ನಷ್ಟು ಪ್ರಬಲವಾದ ವಸ್ತುವಾಗಿ ಬದಲಾಗುತ್ತದೆ. ಯಕೃತ್ತು ಅದರ ಹಲ್ಲು ಕಿತ್ತು ಪಿತ್ತದ ಜೊತೆ ಕರುಳಿಗೆ ಸಾಗಹಾಕುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದಕ್ಕೆ ಮತ್ತೆ ಹಲ್ಲು ಮೂಡಿಸುತ್ತವೆ! ಕರುಳಿನ ಒಳಪದರ ಹಾಳಾಗುತ್ತದೆ, ನೀರು ಹೀರುವ ಶಕ್ತಿ ಕುಂದುತ್ತದೆ. (ಔಷಧ ಏರಿಸಿದ ದಿನವೇ ಹೊಟ್ಟೆ ಕಿವುಚಿ ಆಗುವ ಭೇದಿ ಬೇರೆ, ಅದಕ್ಕೆ ಅಟ್ರೊಪಿನ್ ಚುಚ್ಚುಮದ್ದು.)

ಭೇದಿ ಕಟ್ಟಲು ಹಿಂದೆ ಅಫೀಮೇ ಮದ್ದಾಗಿತ್ತು. ಹೊಟ್ಟೆ ನಿಲ್ಲುತ್ತಿತ್ತು, ಜೊತೆಗೆ ಅಮಲೂ ಚಟವೂ ಅಂಟುತ್ತಿದ್ದವು. ಬೆಲ್ಜಿಯಂನ ಪಾಲ್ ಜಾನ್ಸೆನ್ ಅವರ ಪ್ರಯೋಗಾಲಯ 1956ರಲ್ಲಿ ಡೈಫಿನಾಕ್ಸಿಲೇಟ್, 1969ರಲ್ಲಿ ಲೋಪೆರಮೈಡ್ ತಯಾರಿಸಿತು. ಎರಡನೆಯದು ಅಫೀಮಿನಂತೆಯೇ ಕರುಳಿನ ಗೋಡೆಯ ನರಗಳನ್ನು ಹಿಡಿದು ಅಲೆಯಾಟವನ್ನು ನಿಧಾನಗೊಳಿಸುತ್ತದೆ. ನೀರು ಹೀರಿಕೊಳ್ಳಲು ಹೊತ್ತು ಸಿಗುತ್ತದೆ. ಮಿದುಳಿನ ಬಾಗಿಲಲ್ಲಿರುವ ಕಾವಲು ಅದನ್ನು ಹೊರದಬ್ಬುವುದರಿಂದ, ಹೇಳಿದ ಪ್ರಮಾಣದಲ್ಲಿ ಅಮಲಿಲ್ಲ. ಮಿತಿಮೀರಿ ನುಂಗಿದರೆ ಮಾತ್ರ ಹೃದಯದ ಬಡಿತವೇ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತು.

ಮನೆಯವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಸಾಮಾನ್ಯ ಭೇದಿಗೆ ಈ ಗುಳಿಗೆಯನ್ನು ಮಿತವಾಗಿ ಬಳಸಬೇಕು. ಇರಿನೊಟೆಕಾನ್ ಭೇದಿಗೆ ವೈದ್ಯರು ಹೇಳುವ ಲೆಕ್ಕ ಬೇರೆ: ಮೊದಲ ಸಲ ತೆಳ್ಳಗೆ ಹೋದ ಕೂಡಲೇ 4 ಮಿಲಿಗ್ರಾಂ, ಆಮೇಲೆ ಎರಡು ತಾಸಿಗೊಮ್ಮೆ 2 ಮಿಲಿಗ್ರಾಂ, ಭೇದಿ ನಿಂತು 12 ತಾಸು ಆಗುವವರೆಗೆ. ‘ಇಷ್ಟೊಂದು ಗುಳಿಗೆಯೇ’ ಎಂದು ಹೆದರಿ ತಡಮಾಡಿದರೆ ದೇಹದ ನೀರು, ಉಪ್ಪು ಬರಿದಾಗುತ್ತವೆ. ಅದೇ ದಿನಗಳಲ್ಲಿ ಬಿಳಿ ರಕ್ತಕಣಗಳೂ ಇಳಿದಿರಬಹುದಾದ್ದರಿಂದ ಅಪಾಯ ಇಮ್ಮಡಿ. ಈ ಲೆಕ್ಕ ಚೀಟಿಯಲ್ಲಿ ಬರೆದುಕೊಟ್ಟವರಿಗೆ ಮಾತ್ರ, ನೆರೆಮನೆಯವರ ಹೊಟ್ಟೆನೋವಿಗಲ್ಲ.

ಗುಳಿಗೆ ಹೋದ ನೀರನ್ನು ತುಂಬಿಕೊಡುವುದಿಲ್ಲ. ಆ ಕೆಲಸ ಉಪ್ಪು-ಸಕ್ಕರೆ ನೀರಿನದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇದರಿಂದಲೇ. ಇಂದು ಅದು ಓಆರ್‌ಎಸ್ ಪುಡಿಯಾಗಿ ಹಳ್ಳಿಹಳ್ಳಿಯಲ್ಲಿ ಪರಿಚಿತ.

ಜ್ವರ, ಮಲದಲ್ಲಿ ರಕ್ತ, ತಲೆಸುತ್ತು ಕಂಡರೆ ಗುಳಿಗೆ ನುಂಗುತ್ತ ಮನೆಯಲ್ಲಿ ಕಾಯುವಂತಿಲ್ಲ. 48 ತಾಸಿನೊಳಗೆ ಭೇದಿ ನಿಲ್ಲದಿದ್ದರೂ ಅಷ್ಟೇ. ಮುಂದಿನದು ಆಸ್ಪತ್ರೆಯ ಸಲಾಯಿನ್, ಬೇಕಾದರೆ ಆಕ್ಟ್ರಿಯೊಟೈಡ್ ಚುಚ್ಚುಮದ್ದು.