ದಾಂಪತ್ಯ ನಿಷ್ಠೆ: ಕರ್ನಾಟಕದ ಕ್ರೈಸ್ತ ಪರಂಪರೆಯಲ್ಲಿ

ಗಂಡಹೆಂಡಿರು ದೇವರ ಮತ್ತು ಸಭೆಯ ಎದುರು ಪರಸ್ಪರ ಕೊಟ್ಟ ಮಾತಿಗೆ ಬದುಕಿರುವವರೆಗೂ ಬದ್ಧರಾಗಿರುವುದನ್ನು ಕ್ರೈಸ್ತ ಪರಂಪರೆ ದಾಂಪತ್ಯ ನಿಷ್ಠೆ ಎನ್ನುತ್ತದೆ. ಈ ಮಾತಿನ ಭಾರ ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಚರ್ಚಿನ ಬಲಿಪೀಠದ ಮುಂದೆ ಇದ್ದ ಈ ಸಮಾನತೆ ಭಾರತದ ಕಾನೂನಿನ ಪುಸ್ತಕಕ್ಕೆ ಸೇರಿದ್ದು 2001ರಲ್ಲಿ ಮಾತ್ರ. ಕರ್ನಾಟಕದ ಕ್ರೈಸ್ತ ದಾಂಪತ್ಯದ ಇತಿಹಾಸವನ್ನು ಈ ಅಂತರದ ಇತಿಹಾಸವಾಗಿಯೂ ಓದಬಹುದು.

ಹತ್ತು ಆಜ್ಞೆಗಳಲ್ಲಿ ವ್ಯಭಿಚಾರದ ನಿಷೇಧವಿದೆ. ಪ್ರಾಚೀನ ಇಸ್ರಾಯೇಲಿನಲ್ಲಿ ಅದನ್ನು ಮುಖ್ಯವಾಗಿ ವಿವಾಹಿತ ಸ್ತ್ರೀಯನ್ನು ಮುಂದಿಟ್ಟುಕೊಂಡೇ ಅಳೆಯುತ್ತಿದ್ದರು. ಮಾರ್ಕನ ಸುವಾರ್ತೆಯಲ್ಲಿ ಯೇಸು ಈ ಅಳತೆಯನ್ನು ಬದಲಿಸುತ್ತಾನೆ: ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗುವ ಗಂಡಸು ಆ ಹೆಂಡತಿಗೇ ದ್ರೋಹ ಬಗೆದಂತೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನೂ ಗಂಡಹೆಂಡಿರಲ್ಲಿ ಒಬ್ಬರ ದೇಹದ ಮೇಲೆ ಇನ್ನೊಬ್ಬರಿಗೆ ಸಮಾನ ಹಕ್ಕಿದೆ ಎನ್ನುತ್ತಾನೆ. ಐದನೆಯ ಶತಮಾನದ ಆರಂಭದಲ್ಲಿ ಧರ್ಮಶಾಸ್ತ್ರಜ್ಞ ಅಗಸ್ಟೀನನು ಸಂತಾನ, ನಿಷ್ಠೆ, ಸಂಸ್ಕಾರ ಎಂಬ ಮೂರನ್ನು ಮದುವೆಯ ಒಳಿತುಗಳೆಂದು ಹೆಸರಿಸಿದ.

ಗುಟ್ಟಾಗಿ ಮದುವೆಯಾಗಿ ಆಮೇಲೆ ಅಲ್ಲಗಳೆಯುವುದು ಮಧ್ಯಯುಗದ ಯುರೋಪಿನ ದೊಡ್ಡ ಪಿಡುಗಾಗಿತ್ತು. ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ಇದಕ್ಕೆ ತಡೆ ಹಾಕಿತು. ಮದುವೆಗೆ ಮುನ್ನ ಚರ್ಚಿನಲ್ಲಿ ಮೂರು ಬಾರಿ ಪ್ರಕಟಣೆ ಓದಬೇಕು, ಗುರುಗಳ ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು ಎಂಬ ನಿಯಮ ಬಂತು.

ಪ್ರೊಟೆಸ್ಟೆಂಟ್ ಪರಂಪರೆ ಕನ್ನಡ ಕರಾವಳಿಯಲ್ಲಿ ಬೇರೂರಿದ್ದು 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ. ಶಿಸ್ತು ಬಿಗಿಯಾಗಿತ್ತು. ದಾಂಪತ್ಯದಲ್ಲಿ ತಪ್ಪಿ ನಡೆದವರನ್ನು ಕರ್ತನ ರಾತ್ರಿಭೋಜನದಿಂದ ದೂರ ಇಡುತ್ತಿದ್ದರು. ಮಿಷನರಿಗಳಿಗೂ ವಿನಾಯಿತಿ ಇರಲಿಲ್ಲ. ಬಾಸೆಲ್‌ನ ಸಮಿತಿ ಒಪ್ಪದೆ ಅವರು ಮದುವೆಯಾಗುವಂತಿರಲಿಲ್ಲ. ಎಷ್ಟೋ ಯುವತಿಯರು ಸರಿಯಾಗಿ ಪರಿಚಯವೂ ಇಲ್ಲದ ವರನನ್ನು ನಂಬಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ಹಡಗು ಹತ್ತಿದರು. ಮಾತು ಕೊಟ್ಟವರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಮರುಮದುವೆ ದ್ರೋಹವೆನಿಸುತ್ತಿರಲಿಲ್ಲ. ಕನ್ನಡ ಬೈಬಲ್ ಪರಿಷ್ಕರಣೆಯಲ್ಲಿ ದುಡಿದ ಮಿಷನರಿ ವೈಗ್ಲೆ 1855ರಲ್ಲಿ ನಿಧನರಾದ ಬಳಿಕ ಅವರ ಪತ್ನಿ ಪೌಲಿನ್ ಅವರನ್ನು 'ಮಂಗಳೂರು ಸಮಾಚಾರ' ಪತ್ರಿಕೆಯ ಸಂಪಾದಕರಾಗಿದ್ದ ಹರ್ಮನ್ ಮೋಗ್ಲಿಂಗ್ ಮದುವೆಯಾದರು. ಅನೇಕ ಜಾತಿಗಳಲ್ಲಿ ವಿಧವೆಯ ಮರುಮದುವೆಯನ್ನು ಊಹಿಸಲೂ ಆಗದಿದ್ದ ಕಾಲವದು.

ಕ್ರೈಸ್ತ ಮದುವೆಗಳಿಗೆ ಬ್ರಿಟಿಷ್ ಸರ್ಕಾರ ಎರಡು ಮುಖ್ಯ ಕಾನೂನುಗಳನ್ನು ತಂದಿತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಟಣೆ, ಸಾಕ್ಷಿ, ನೋಂದಣಿಗಳನ್ನು ವಿಧಿಬದ್ಧಗೊಳಿಸಿತು. ಅದಕ್ಕೂ ಮೂರು ವರ್ಷ ಮೊದಲು ಬಂದ 1869ರ ವಿಚ್ಛೇದನ ಕಾಯ್ದೆ ಮಾತ್ರ ಹೆಣ್ಣಿಗೆ ನೇರ ಅನ್ಯಾಯ ಮಾಡಿತು. ಹೆಂಡತಿ ವ್ಯಭಿಚಾರ ಮಾಡಿದಳೆಂದು ಸಾಬೀತುಪಡಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗಾದರೋ ಗಂಡನ ವ್ಯಭಿಚಾರವೊಂದೇ ಸಾಲುತ್ತಿರಲಿಲ್ಲ; ಅದರ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದುಹೋದದ್ದನ್ನೋ ಅಂಥ ಬೇರೆ ಅಪರಾಧವನ್ನೋ ತೋರಿಸಬೇಕಿತ್ತು. ಹೆಂಡತಿಯ ಪ್ರಿಯಕರನಿಂದ ಗಂಡ ಪರಿಹಾರಧನವನ್ನೂ ಕೇಳಬಹುದಿತ್ತು, ಹೆಂಡತಿ ಅವನ ಸ್ವತ್ತು ಎಂಬಂತೆ. ಈ ಕಾಯ್ದೆಗೆ ಮಾದರಿಯಾದದ್ದು 1857ರ ಇಂಗ್ಲೆಂಡಿನ ಕಾನೂನು. ಇಂಗ್ಲೆಂಡ್ 1923ರಲ್ಲೇ ಆ ತಾರತಮ್ಯವನ್ನು ತೆಗೆದುಹಾಕಿತು. ಭಾರತದಲ್ಲಿ ಅದು ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದರೂ ಉಳಿಯಿತು.

ಕಾನೂನು ಆಯೋಗ 1960, 1983 ಮತ್ತು 1998ರ ವರದಿಗಳಲ್ಲಿ ತಿದ್ದುಪಡಿ ಸೂಚಿಸಿತು. 1995ರಲ್ಲಿ ಕೇರಳ ಹೈಕೋರ್ಟ್, 1997ರಲ್ಲಿ ಬಾಂಬೆ ಹೈಕೋರ್ಟ್ ಈ ತಾರತಮ್ಯವನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿದವು. ಕೊನೆಗೆ 2001ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ವ್ಯಭಿಚಾರ, ಕ್ರೌರ್ಯ, ತೊರೆದುಹೋಗುವಿಕೆ ಇವೆಲ್ಲ ಇಬ್ಬರಿಗೂ ಸಮಾನ ಕಾರಣಗಳಾದವು. ಪ್ರಿಯಕರನಿಂದ ಪರಿಹಾರ ಕೇಳುವ ಕಲಂ ಹೋಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ಸಿಕ್ಕಿತು. ಅದಕ್ಕೆ ಕ್ರೈಸ್ತರು ಮಾತ್ರ ಎರಡು ವರ್ಷ ಬೇರೆಯಾಗಿರಬೇಕಿತ್ತು. 2014ರಲ್ಲಿ ಕರ್ನಾಟಕ ಹೈಕೋರ್ಟ್ ಇತರ ಧರ್ಮೀಯರಂತೆ ಅದನ್ನು ಒಂದು ವರ್ಷಕ್ಕಿಳಿಸಿತು. ವ್ಯಭಿಚಾರವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 497ನೆಯ ಕಲಂ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದುಮಾಡಿತು. ವಿಚ್ಛೇದನಕ್ಕೆ ವ್ಯಭಿಚಾರ ಈಗಲೂ ಕಾರಣವೇ.

ಕಥೋಲಿಕ ಧರ್ಮಸಭೆಯ ನಿಲುವು ಬೇರೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಸಂಗಾತಿ ದ್ರೋಹ ಬಗೆದರೆ ನೊಂದವರು ಬೇರೆ ವಾಸಿಸಬಹುದು, ಮರುಮದುವೆಯಾಗುವಂತಿಲ್ಲ. ಮದುವೆ ಮೊದಲಿನಿಂದಲೇ ಅಸಿಂಧುವಾಗಿತ್ತೆಂದು ಧರ್ಮಸಭೆಯ ನ್ಯಾಯಮಂಡಳಿ ಘೋಷಿಸಿದರೆ ಮಾತ್ರ, ಸಂಗಾತಿ ಬದುಕಿರುವಾಗ, ಸಾಮಾನ್ಯವಾಗಿ ಮತ್ತೊಂದು ಮದುವೆ ಸಾಧ್ಯ. ಈ ಘೋಷಣೆಗೆ ದೇಶದ ಕಾನೂನಿನಲ್ಲೂ ಬೆಲೆ ಸಿಗಬೇಕೆಂದು ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಮಾಜಿ ಅಧ್ಯಕ್ಷ, ವಕೀಲ ಕ್ಲಾರೆನ್ಸ್ ಪಾಯಸ್ ಸುಪ್ರೀಂ ಕೋರ್ಟ್ ಮೊರೆಹೋದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಹೀಗಾಗಿ ಚರ್ಚಿನ ಆದೇಶವನ್ನಷ್ಟೇ ನಂಬಿ ಮರುಮದುವೆಯಾದವರು ಇಂದಿಗೂ ದ್ವಿವಿವಾಹದ ಮೊಕದ್ದಮೆ ಎದುರಿಸಬೇಕಾದೀತು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅರೆಕೆರೆಯಂಥ ಬಡಾವಣೆಗಳಲ್ಲಿ ಪ್ರಕಟಣೆ, ಸಾಕ್ಷಿಗಳಂಥ ಹಳೆಯ ಏರ್ಪಾಡುಗಳಿಗೆ ಹೊಸ ಅಗತ್ಯ ಒದಗಿದೆ. ಕೆಲಸ ಅರಸಿ ಬಂದವರೇ ಹೆಚ್ಚಿರುವ ಕಡೆ ನೆರೆಮನೆಯವರ ಪೂರ್ವಾಪರ ಒಬ್ಬರಿಗೊಬ್ಬರು ತಿಳಿದಿರುವುದಿಲ್ಲ. ಅದಕ್ಕಾಗಿ ಕಥೋಲಿಕ ಧರ್ಮಕೇಂದ್ರಗಳು ವಧೂವರರ ಊರಿನ ಧರ್ಮಕೇಂದ್ರದಿಂದ ದೀಕ್ಷಾಸ್ನಾನದ ಪತ್ರ ತರಿಸುತ್ತವೆ. ಬೇರೆ ಮದುವೆಯ ಬಂಧನವಿಲ್ಲವೆಂದು ಖಚಿತಪಡಿಸಿಕೊಂಡು ಎರಡೂ ಕಡೆ ಪ್ರಕಟಣೆ ಓದಿಸುತ್ತವೆ. ಮದುವೆಗೆ ಮುನ್ನ ಜೋಡಿಗಳು ಸಿದ್ಧತಾ ಶಿಬಿರಕ್ಕೂ ಹೋಗಬೇಕು. ಮಾತು ಮುರಿದ ಮೇಲೆ ಶಿಕ್ಷಿಸುವುದಕ್ಕೆ ಮಿಷನ್ ಕಾಲದ ಶಿಸ್ತು ಒತ್ತು ಕೊಟ್ಟಿತ್ತು. ಇಂದಿನ ಶಿಬಿರಗಳು ಮಾತು ಕೊಡುವ ಮುನ್ನವೇ ಅದರ ಅರ್ಥವನ್ನು ಇಬ್ಬರನ್ನೂ ಜೊತೆಗೆ ಕೂರಿಸಿ ತಿಳಿಸಿಕೊಡುತ್ತವೆ.